ಕ್ಲಿಪ್ ಹಾಕಿದ ಮೇಲೂ ಹುಣ್ಣಿನಿಂದ ರಕ್ತ ಬಂದರೆ ಆಪರೇಷನ್ನೇ ಬೇಕಾ?

ನಿಮ್ಮ ತಂದೆಗೆ 72 ವರ್ಷ. ಡ್ಯುಯೊಡಿನಮ್‌ನ (ಜಠರ ದಾಟಿದ ಕೂಡಲೇ ಬರುವ ಸಣ್ಣ ಕರುಳಿನ ಮೊದಲ ಭಾಗ) ಹುಣ್ಣಿಗೆ ಎಂಡೋಸ್ಕೋಪಿಯಲ್ಲಿ ಎರಡು ಸಲ ರಕ್ತ ನಿಲ್ಲಿಸುವ ಪುಟ್ಟ ಲೋಹದ ಕ್ಲಿಪ್ ಹಾಕಿದರೂ ಮತ್ತೆ ರಕ್ತ ವಾಂತಿ. ಈಗ ತೊಡೆಸಂದಿಯಿಂದ ಎಂಬೊಲೈಸೇಷನ್, ಅಂದರೆ ಸೋರುವ ರಕ್ತನಾಳವನ್ನು ಒಳಗಿನಿಂದಲೇ ಮುಚ್ಚುವ ಚಿಕಿತ್ಸೆ, ಮಾಡುತ್ತೇವೆ ಅಂದಿದ್ದಾರೆ. ಅದರ ಬದಲು ಆಪರೇಷನ್ ಮಾಡಿಸಿಬಿಡೋದು ಒಳ್ಳೇದಲ್ವಾ ಅಂತ ಕೇಳಿದ್ದೀರಿ. ನಾನು ಎಂಡೋಸ್ಕೋಪಿ ವಿಭಾಗದಲ್ಲಿ ನರ್ಸ್, ಇಂಥ ಪೇಷೆಂಟ್‌ಗಳ ಜೊತೆ ಈ ಚಿಕಿತ್ಸೆ ಮಾಡುವ ಕ್ಯಾತ್‌ಲ್ಯಾಬ್‌ಗೂ ಹೋಗುತ್ತೇನೆ. ಬಿಪಿ ಸ್ಥಿರವಾಗಿದ್ದರೆ ದಯವಿಟ್ಟು ಎಂಬೊಲೈಸೇಷನ್‌ಗೆ ಒಪ್ಪಿಕೊಳ್ಳಿ, ತಡ ಮಾಡಬೇಡಿ.

ಡ್ಯುಯೊಡಿನಮ್‌ನ ಹಿಂದೆಯೇ ಗ್ಯಾಸ್ಟ್ರೋಡ್ಯುಯೊಡಿನಲ್ ಅನ್ನೋ ದೊಡ್ಡ ರಕ್ತನಾಳ ಹಾದುಹೋಗುತ್ತದೆ. ಹುಣ್ಣು ಆಳಕ್ಕಿಳಿದು ಅದನ್ನೇ ಕೊರೆದರೆ ಕ್ಲಿಪ್ ಸರಿಯಾಗಿ ಕಚ್ಚಿಕೊಳ್ಳೋದು ಕಷ್ಟ. ಅದು ಡಾಕ್ಟರ ಕೈಗುಣದ ತಪ್ಪಲ್ಲ. ಹಾಕಿದ ಕ್ಲಿಪ್ ವ್ಯರ್ಥವೂ ಅಲ್ಲ. ಎಂಬೊಲೈಸೇಷನ್‌ನಲ್ಲಿ ರಕ್ತನಾಳ ಎಕ್ಸ್‌ರೇಯಲ್ಲಿ ಕಾಣಲೆಂದು ಡೈ ಅನ್ನೋ ದ್ರವ ಬಿಡುತ್ತಾರೆ. ಆ ಹೊತ್ತಿಗೆ ರಕ್ತ ತಾತ್ಕಾಲಿಕವಾಗಿ ನಿಂತಿದ್ದರೆ ಎಲ್ಲಿಂದ ಸೋರುತ್ತಿದೆ ಅಂತ ಕಾಣೋದಿಲ್ಲ. ಆಗ ಎಕ್ಸ್‌ರೇಯಲ್ಲಿ ಕಾಣುವ ಆ ಕ್ಲಿಪ್ಪೇ ಜಾಗ ತೋರಿಸುತ್ತದೆ.

ತೊಡೆಸಂದಿಯನ್ನಷ್ಟೇ ಮರಗಟ್ಟಿಸಿ ಸಣ್ಣ ನಳಿಕೆ ಒಳಗೆ ಬಿಡುತ್ತಾರೆ. ಸಾಮಾನ್ಯವಾಗಿ ಪೇಷೆಂಟ್ ಎಚ್ಚರವಾಗಿಯೇ ಇರುತ್ತಾರೆ, ಡೈ ಹೋದಾಗ ಮೈ ಬೆಚ್ಚಗಾಗುತ್ತೆ ಅನ್ನುತ್ತಾರೆ. ಹುಣ್ಣು ಕೊರೆದ ಆ ರಕ್ತನಾಳಕ್ಕೆ ಎರಡೂ ಕಡೆಯಿಂದ ರಕ್ತ ಬರುತ್ತದೆ, ಹಾಗಾಗಿ ಒಂದೇ ಕಡೆ ಮುಚ್ಚಿದರೆ ಸಾಲದು. ತೂತಿನ ಆಚೆಗೂ ಈಚೆಗೂ ಪುಟ್ಟ ಲೋಹದ ಕಾಯಿಲ್ ಕೂರಿಸುತ್ತಾರೆ. ಕರುಳು ಕೊಳೆತುಹೋಗಲ್ವಾ ಅನ್ನೋ ನಿಮ್ಮ ಭಯ ಸಹಜ. ಅಲ್ಲಿಗೆ ಬೇರೆ ನಾಳಗಳಿಂದಲೂ ರಕ್ತ ಬರುವುದರಿಂದ ಹಾಗಾಗೋದು ಅಪರೂಪ. ಹಿಂದೆ ಹೊಟ್ಟೆಯ ಆಪರೇಷನ್ ಆಗಿದ್ದರೆ ಅಪಾಯ ಜಾಸ್ತಿ, ಅದನ್ನು ಮೊದಲೇ ಹೇಳಿ. ಕಿಡ್ನಿ ತೊಂದರೆ ಇದ್ದರೂ ಹೇಳಿ, ಡೈ ಕಿಡ್ನಿಗೆ ಭಾರ.

ಮತ್ತೆ ರಕ್ತ ಬರುವ ಸಾಧ್ಯತೆ ಆಪರೇಷನ್‌ಗಿಂತ ಇದರಲ್ಲಿ ಜಾಸ್ತಿ, ನಿಜ. ಆದರೆ ಆಮೇಲಿನ ತೊಂದರೆಗಳು ಕಡಿಮೆ. ಇಷ್ಟು ರಕ್ತ ಹೋಗಿ ಸೋತಿರುವ ವಯಸ್ಸಾದ ದೇಹಕ್ಕೆ ಅದೇ ದೊಡ್ಡ ಮಾತು. ರಕ್ತ ಕೊಟ್ಟರೂ ಬಿಪಿ ಏರದಿದ್ದರೆ, ಹುಣ್ಣು ಕರುಳಿನ ಗೋಡೆಯನ್ನೇ ತೂತು ಮಾಡಿದ್ದರೆ, ಸರ್ಜನ್ ಹೇಳಿದ ಹಾಗೆ ಆಪರೇಷನ್ನೇ ಆಗಲಿ.

ಆಮೇಲೆ ಕೆಲವು ಗಂಟೆ ಆ ಕಾಲು ಮಡಚಬಾರದು. ಹಳೆಯ ರಕ್ತ ಹೊರಗೆ ಹೋಗುವ ತನಕ ಮಲ ಕಪ್ಪಗೇ ಇರಬಹುದು. ಆದರೆ ತಲೆಸುತ್ತು ಬಂದರೆ, ಕೆಂಪು ರಕ್ತ ಕಂಡರೆ ತಕ್ಷಣ ಸಿಸ್ಟರ್‌ನ ಕರೆಯಿರಿ. ಮಂಡಿನೋವಿಗೆ ಡೈಕ್ಲೊಫೆನಾಕ್ ತರಹದ, ಹುಣ್ಣು ತರಬಲ್ಲ ನೋವಿನ ಮಾತ್ರೆ ನುಂಗುತ್ತಿದ್ದರಾ, ನೆನಪು ಮಾಡಿಕೊಂಡು ಡಾಕ್ಟರಿಗೆ ತಿಳಿಸಿ. ಹುಣ್ಣಿಗೆ ಕಾರಣವಾಗುವ ಬ್ಯಾಕ್ಟೀರಿಯಾ ಎಚ್. ಪೈಲೋರಿಯ ಟೆಸ್ಟ್ ಈಗ ನೆಗೆಟಿವ್ ಬಂದರೂ ನಂಬಿ ಬಿಡಬೇಡಿ. ರಕ್ತ ಹೋಗುತ್ತಿರುವಾಗ ಅದು ತಪ್ಪು ತೋರಿಸಬಹುದು, ಚೇತರಿಸಿಕೊಂಡ ಮೇಲೆ ಇನ್ನೊಂದು ಸಲ ಮಾಡಿಸಿ.