ಲಂಡನ್-ನ್ಯೂಯಾರ್ಕ್ ಹೋಗೋಕೆ 8 ಗಂಟೆ, ಬರೋಕೆ 7 ಯಾಕೆ

ಲಂಡನ್ನಿನ ಹೀತ್ರೋ ಏರ್‌ಪೋರ್ಟಿಂದ ನ್ಯೂಯಾರ್ಕಿನ ಜೆಎಫ್‌ಕೆಗೆ ಸುಮಾರು 5,540 ಕಿ.ಮೀ., ಸ್ಪೀಡು ಗಂಟೆಗೆ 900 ಕಿ.ಮೀ. ಅಂದ್ರೆ 6 ಗಂಟೆ ಚಿಲ್ಲರೆ ಸಾಕಲ್ವಾ, ಟಿಕೆಟಲ್ಲಿ ಯಾಕೆ 8 ಗಂಟೆ ಹತ್ರ ಇದೆ ಅಂತ ಕೇಳಿದ್ರಿ. ನಿಮ್ಮ ಭಾಗಾಕಾರ ಸರಿಯಾಗೇ ಇದೆ, ಆದ್ರೆ ಆ ದೂರ ಗ್ರೇಟ್ ಸರ್ಕಲ್ ದೂರ, ಅಂದ್ರೆ ಗ್ಲೋಬ್ ಮೇಲೆ ಎರಡು ಊರಿನ ನಡುವೆ ದಾರ ಬಿಗಿಯಾಗಿ ಎಳೆದು ಹಿಡಿದ್ರೆ ಬರೋ ಅತಿ ಚಿಕ್ಕ ದಾರಿ, ವಿಮಾನ ಪ್ರತಿ ಸಲ ಅದೇ ಗೆರೆ ಮೇಲೆ ಹೋಗಲ್ಲ.

ಮುಖ್ಯ ಕಾರಣ ಗಾಳಿ. ಅಟ್ಲಾಂಟಿಕ್ ಮೇಲೆ 10 ಕಿ.ಮೀ. ಎತ್ತರದ ಆಸುಪಾಸಲ್ಲಿ ಜೆಟ್ ಸ್ಟ್ರೀಮ್ ಅನ್ನೋ ಜೋರು ಗಾಳಿಯ ಹರಿವು ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತೆ, ಪಶ್ಚಿಮದ ನ್ಯೂಯಾರ್ಕ್ ಕಡೆ ಹೋಗುವಾಗ ಗಂಟೆಗೆ 150 ಕಿ.ಮೀ. ಎದುರುಗಾಳಿ ಸಿಕ್ತು ಅಂದ್ಕೊಳ್ಳಿ, ನಿಮ್ಮ 900 ನೆಲದ ಲೆಕ್ಕದಲ್ಲಿ 750 ಆಗೋಯ್ತು, ವಾಪಸ್ ಬರುವಾಗ ಅದೇ ಗಾಳಿ ಬೆನ್ನಿಂದ ತಳ್ಳುತ್ತೆ ಅದಕ್ಕೇ 7 ಗಂಟೆ ಆಸುಪಾಸಲ್ಲಿ ಬಂದ್ಬಿಡುತ್ತೆ (ಚಳಿಗಾಲದಲ್ಲಿ ಈ ಗಾಳಿ ಇನ್ನೂ ಜೋರು, ನೋಡೋಕೆ ನಿಜವಾಗ್ಲೂ ಆಶ್ಚರ್ಯ ಆಗುತ್ತೆ).

ಆಮೇಲೆ ಟಿಕೆಟ್ ಟೈಮು ಗೇಟಿಂದ ಗೇಟಿಗೆ, ರನ್‌ವೇ ಕ್ಯೂ, ಏರೋದು ಇಳಿಯೋದು ಎಲ್ಲಾ ಸೇರಿಸಿ. ಹೊರಡೋ ತಲುಪೋ ಟೈಮು ಆಯಾ ಊರಿನದ್ದು, ನಡುವೆ ಸಾಮಾನ್ಯವಾಗಿ 5 ಗಂಟೆ ವ್ಯತ್ಯಾಸ ಇರುತ್ತೆ. ಕನೆಕ್ಷನ್ ಫ್ಲೈಟ್ ಬುಕ್ ಮಾಡೋದಾದ್ರೆ ದಯವಿಟ್ಟು ದೂರ ಭಾಗಿಸಿ ಲೆಕ್ಕ ಹಾಕ್ಬೇಡಿ, ಶೆಡ್ಯೂಲಲ್ಲಿ ಇರೋ ಟೈಮೇ ಹಿಡೀರಿ.