ಟೂರಿಂಗ್ ಬೈಕಿಗೆ ನಿಜವಾದ ಮರದ ಟ್ರಿಮ್ ಕೂರಿಸಬಹುದಾ? ಮಳೆ, ಬಿಸಿಲು ತಡೆಯುತ್ತಾ?

ನೀವು ಕೇಳಿರುವುದು ಇಷ್ಟು: ದೂರ ಪ್ರಯಾಣಕ್ಕೆ ಇಟ್ಟುಕೊಂಡ ಬೈಕು, ಅದರ ಟ್ಯಾಂಕ್ ಮೇಲಿನ ಪಟ್ಟಿ ಮತ್ತು ಟಾಪ್ ಬಾಕ್ಸ್ (ಸೀಟಿನ ಹಿಂದಿನ ಸಾಮಾನಿನ ಪೆಟ್ಟಿಗೆ) ಮುಚ್ಚಳಕ್ಕೆ ಸ್ಟಿಕ್ಕರ್ ಅಲ್ಲ, ನಿಜವಾದ ಮರ ಹಾಕಬೇಕು. ಗಟ್ಟಿ ಮರ ಒಳ್ಳೆಯದಾ, ವೆನಿಯರ್ (ಕಾಗದದಂತೆ ತೆಳುವಾಗಿ ಸೀಳಿದ ಮರದ ಹಾಳೆ) ಸಾಕಾ, ಮನೆಯಲ್ಲೇ ಮಾಡಿಕೊಳ್ಳಬಹುದಾ ಅಂತ.

ಮಾಡಿಕೊಳ್ಳಬಹುದು. ನಾನು ಮೂರು ಸಲ ಮಾಡಿದ್ದೇನೆ. ಮೊದಲ ಎರಡು ಹಾಳಾದವು. ಮೂರನೆಯದು ಎರಡು ಮಳೆಗಾಲ ಕಳೆದು ಈಗಲೂ ಬೈಕಿನ ಮೇಲಿದೆ. ನಾನು ಬಡಗಿ ಅಲ್ಲ, ರಜೆ ದಿನ ಉಳಿ ಹಿಡಿಯುವವನು. ಮನೆ ತೀರ್ಥಹಳ್ಳಿ ಕಡೆ, ಬೈಕು ಮೀಟಿಯರ್ 350. ಹಾಗಾಗಿ ಇದನ್ನು ಕೆಡಿಸಿ ಕಲಿತವನ ಉತ್ತರ ಅಂತ ಓದಿಕೊಳ್ಳಿ.

ಮೊದಲ ಸಲದ ಕಥೆ ಹೇಳಿಬಿಡುತ್ತೇನೆ, ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ. ಅಜ್ಜನ ಕಾಲದ ಮುರಿದ ಬೀಟೆ ಮಂಚವೊಂದು ಅಟ್ಟದ ಮೇಲೆ ಬಿದ್ದಿತ್ತು. ಇಷ್ಟು ಒಳ್ಳೆ ಮರ ಸುಮ್ನೆ ಧೂಳು ತಿನ್ನುತ್ತಾ ಇದೆಯಲ್ಲ ಅಂತ ಇಳಿಸಿ, ಮಿಲ್ಲಿನಲ್ಲಿ 4 ಮಿ.ಮೀ. ದಪ್ಪಕ್ಕೆ ಸೀಳಿಸಿದೆ. ಟಾಪ್ ಬಾಕ್ಸ್ ಮುಚ್ಚಳದ ಅಳತೆಗೆ ಕತ್ತರಿಸಿ, ಮುಂಭಾಗಕ್ಕೆ ಮೂರು ಕೋಟ್ ಪಾಲಿಶ್ ಕೊಟ್ಟು, ನಾಲ್ಕು ಮೂಲೆಗೆ ಎರಡು ಟ್ಯೂಬ್ ಕಲಸುವ ಗಟ್ಟಿ ಅಂಟು ಇಟ್ಟು ಒತ್ತಿದೆ. ಕಪ್ಪು ಎಳೆಗಳ ಮೇಲೆ ಬೆಳಕು ಬಿದ್ದಾಗ, ಅಬ್ಬಾ, ದಾರಿಯಲ್ಲಿ ಹೋಗುವವರೂ ನಿಂತು ನೋಡುತ್ತಿದ್ದರು.

ಏಪ್ರಿಲ್‌ನಲ್ಲಿ ಬೀದರ್‌ಗೆ ಹೊರಟೆ. ಕಲಬುರಗಿಯಲ್ಲಿ ಊಟಕ್ಕೆ ನಿಲ್ಲಿಸಿದಾಗ ನೋಡುತ್ತೇನೆ, ಒಂದು ತುದಿಯಿಂದ ಎಳೆಯ ಗುಂಟ ಸೀಳು ಬಿಟ್ಟಿದೆ. ವಾಪಸ್ ಬಂದು ಜೂನ್ ಮಳೆ ಹಿಡಿಯುವಷ್ಟರಲ್ಲಿ ಇನ್ನೊಂದು ತುದಿ ದೋಣಿಯ ಹಾಗೆ ಎದ್ದಿತ್ತು. ಕೈ ಹಾಕಿದರೆ ಪಟ್ಟಿಯೇ ಕಿತ್ತು ಬಂತು.

ಊರಿನ ಆಚಾರ್‍ರಿಗೆ ತೋರಿಸಿದೆ. ಅವರು ನನ್ನ ಪಾಲಿಶ್ ಕಡೆ ನೋಡಲೇ ಇಲ್ಲ. ನೇರ ತಿರುಗಿಸಿದರು. "ಹಿಂದ್ಗಡೆ ಯಾಕೆ ಬೋಳು ಬಿಟ್ಟಿದ್ದೀಯ ಮಾರಾಯ? ತುದಿಗೂ ಏನೂ ಹಚ್ಚಿಲ್ಲ. ಮರ ನೀರು ಕುಡಿಯೋದು ಅಲ್ಲೇ ಅಲ್ವಾ?" ನಮ್ಮ ಕಡೆ ತೊಲೆಗೆ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ, ಹಚ್ಚುವಾಗ ಕಾಣುವ ಮುಖ, ಕಾಣದ ಮುಖ ಅಂತ ಲೆಕ್ಕ ಇಡುವುದಿಲ್ಲ. ಅದನ್ನು ನೋಡುತ್ತಲೇ ಬೆಳೆದವನು ನಾನು, ಬೈಕಿನ ಕೆಲಸಕ್ಕೆ ಬಂದಾಗ ಮರೆತೆ. (ಗೇರೆಣ್ಣೆಯನ್ನು ಬೈಕಿಗೆ ಹಚ್ಚಲು ಹೋಗಬೇಡಿ. ಕಪ್ಪಗೆ ಅಂಟಂಟು, ಮೈಗೆ ತಾಗಿದರೆ ಸುಡುತ್ತದೆ.)

ನಡೆದದ್ದು ಏನೆಂದರೆ, ಮರ ಉದ್ದಕ್ಕೆ ಹೆಚ್ಚುಕಡಿಮೆ ಅಲುಗುವುದಿಲ್ಲ, ಅಗಲಕ್ಕೆ ಅಲುಗುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಮರದೊಳಗಿನ ತೇವ ಶೇ. 16-17ರವರೆಗೆ ಹೋದರೆ, ಬಯಲುಸೀಮೆಯ ಬೇಸಿಗೆಯಲ್ಲಿ ಶೇ. 8ರ ಹತ್ತಿರ ಇಳಿಯುತ್ತದೆ. ಸಾಗುವಾನಿಯನ್ನೇ ತೆಗೆದುಕೊಳ್ಳಿ, ಅದು ಕಡಿಮೆ ಅಲುಗುವ ಮರ. ಆದರೂ ಸಾದಾ ಸೀಳಿನ 100 ಮಿ.ಮೀ. ಅಗಲದ ಹಲಗೆ ಇಷ್ಟು ವ್ಯತ್ಯಾಸಕ್ಕೆ ಸುಮಾರು ಒಂದೂವರೆ ಮಿ.ಮೀ. ಕುಗ್ಗುತ್ತದೆ. ನಾಲ್ಕು ಮೂಲೆಗೂ ಗಟ್ಟಿಯಾಗಿ ಕಟ್ಟಿಹಾಕಿದ್ದರೆ ಅದು ಎಲ್ಲಿಗೆ ಕುಗ್ಗಬೇಕು? ಸೀಳುತ್ತದೆ. ಒಂದೇ ಮುಖಕ್ಕೆ ಪಾಲಿಶ್ ಇದ್ದರೆ ಬೋಳು ಮುಖ ಬೇಗ ಉಬ್ಬುತ್ತದೆ, ಬೇಗ ಒಣಗುತ್ತದೆ. ಆಗ ಹಲಗೆ ಬಾಗುತ್ತದೆ. ನಿಮ್ಮ ಬೈಕು ಒಂದೇ ಊರಲ್ಲಿ ಆಫೀಸಿಗೆ ಹೋಗಿ ಬರುವುದಾದರೆ ಇದು ಅಷ್ಟು ಕಾಡುವುದಿಲ್ಲ. ಟೂರಿಂಗ್ ಬೈಕಿನ ಕಷ್ಟವೇ ಬೇರೆ, ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಬೀಳುವ ಆಗುಂಬೆ ಇಳಿದು, ಅದೇ ವಾರ ಬಿಸಿಲೂರಿನಲ್ಲಿ ನಿಂತಿರುತ್ತದೆ.

ಅಂಟಿನದ್ದು ಇನ್ನೊಂದು ರಗಳೆ. ಬಿಸಿಲಿಗೆ ಪ್ಲಾಸ್ಟಿಕ್ ಚೆನ್ನಾಗಿ ಹಿಗ್ಗುತ್ತದೆ, ಮರ ಹಿಗ್ಗುವುದಿಲ್ಲ. 300 ಮಿ.ಮೀ. ಉದ್ದದ ಎಬಿಎಸ್ (ಬ್ರೇಕಿನದ್ದಲ್ಲ, ಒಂದು ಜಾತಿಯ ಗಟ್ಟಿ ಪ್ಲಾಸ್ಟಿಕ್) ಮುಚ್ಚಳ 40 ಡಿಗ್ರಿ ಜಾಸ್ತಿ ಬಿಸಿಯಾದರೆ ಹತ್ತಿರ ಹತ್ತಿರ 1 ಮಿ.ಮೀ. ಉದ್ದವಾಗುತ್ತದೆ. ಅದರ ಮೇಲಿನ ಮರ ಇದ್ದಲ್ಲೇ ಇರುತ್ತದೆ. ಕಲ್ಲಿನಂತೆ ಗಟ್ಟಿಯಾಗುವ ಅಂಟು ಈ ಎಳೆದಾಟಕ್ಕೆ ಬಿಟ್ಟುಕೊಡುತ್ತದೆ. ಅದಕ್ಕೇ ಬೈಕಿಗೆ ಕೂರಿಸಲು ಅಂಟು ಬಿಟ್ಟು ಎರಡು ಮುಖದ ಫೋಮ್ ಟೇಪ್ ಬಳಸಿ. 3ಎಂ ವಿಎಚ್‌ಬಿ ಥರದ್ದು, 1 ಮಿ.ಮೀ. ಆಸುಪಾಸು ದಪ್ಪ ಇರುವುದು. ಫೋಮ್ ತಾನೇ ಎಳೆದುಕೊಂಡು ಎರಡನ್ನೂ ಸಮಾಧಾನ ಮಾಡುತ್ತದೆ. ಮೊದಲು ಜಾಗವನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಟೇಪ್ ಹಚ್ಚಿ ಗಟ್ಟಿಯಾಗಿ ಒತ್ತಿ. ಪೂರ್ತಿ ಹಿಡಿತ ಬರಲು 72 ಗಂಟೆ ಬೇಕು. ಮೂರು ದಿನ ಬೈಕ್ ತೊಳೆಯಬೇಡಿ, ಊರು ಸುತ್ತಲೂ ಹೋಗಬೇಡಿ.

ಅದಕ್ಕೂ ಮುಂಚೆ ಎರಡು ಚಿಕ್ಕ ಪರೀಕ್ಷೆ. ಒಂದು ಅಯಸ್ಕಾಂತ ಹಿಡಿದು ನೋಡಿ, ಅಂಟಿಕೊಂಡರೆ ಉಕ್ಕು. ಅಂಟದಿದ್ದರೆ ಸಾಮಾನ್ಯವಾಗಿ ಪ್ಲಾಸ್ಟಿಕ್, ಆ ಭಾಗ ಬಿಚ್ಚಿ ಒಳಗಡೆ ಓದಿ, ಅಚ್ಚಿನಲ್ಲೇ ಪ್ಲಾಸ್ಟಿಕ್ ಜಾತಿ ಬರೆದಿರುತ್ತದೆ. ಎಬಿಎಸ್ ಅಂತ ಇದ್ದರೆ ತೊಂದರೆ ಇಲ್ಲ. ಪಿಪಿ (ಪಾಲಿಪ್ರೊಪಿಲೀನ್) ಅಂತಿದ್ದರೆ ಪ್ರೈಮರ್ (ಹಿಡಿತಕ್ಕೆಂದು ಮೊದಲು ಹಚ್ಚುವ ದ್ರವ) ಹಚ್ಚದೆ ಮಾಮೂಲಿ ಟೇಪ್ ನಿಲ್ಲುವುದಿಲ್ಲ.

ಈಗ ಗಟ್ಟಿ ಮರವಾ, ವೆನಿಯರಾ ಅನ್ನುವ ಪ್ರಶ್ನೆ. ನನ್ನ ಅನಿಸಿಕೆ ವೆನಿಯರ್. ಇದು ಕೀಳು ಕೆಲಸ ಅಂದುಕೊಳ್ಳಬೇಡಿ, ರೋಲ್ಸ್ ರಾಯ್ಸ್ ಕಾರಿನೊಳಗೆ ಹೊಳೆಯುವ ಮರವೂ ವೆನಿಯರ್ರೇ. ತೀರಾ ಚಿಕ್ಕ ತುಂಡು, ಅಂದರೆ ಮೂರು ಬೆರಳಿನ ಅಗಲದೊಳಗೆ ಇರುವಂಥದ್ದು ಗಟ್ಟಿ ಮರದಲ್ಲಿ ಮಾಡಬಹುದು. ಅಗಲ ಜಾಸ್ತಿಯಾದಷ್ಟೂ ಗಟ್ಟಿ ಮರ ಕೈಕೊಡುತ್ತದೆ.

ಹಾಗಂತ ನನ್ನ ಎರಡನೆಯ ಸೆಟ್ ಹಾಳಾಗಿದ್ದು ವೆನಿಯರ್‌ನಲ್ಲೇ. ಮನೆಯಲ್ಲಿದ್ದ ಮಾಮೂಲಿ ಬಿಳಿ ಅಂಟು ಹಾಕಿದ್ದೆ. ನೀರು ತಡೆಯುವ ಜಾತಿಯದ್ದಲ್ಲ ಅಂತ ಡಬ್ಬಿ ಮೇಲೇ ಬರೆದಿತ್ತು, ಓದಿರಲಿಲ್ಲ. ಜುಲೈನಲ್ಲಿ ಆಗುಂಬೆ ಘಾಟಿ ಇಳಿದು ಉಡುಪಿ ಮುಟ್ಟುವಷ್ಟರಲ್ಲಿ ವೆನಿಯರ್ ಕಾವಲಿ ಮೇಲಿನ ದೋಸೆಯಂತೆ ಗುಳ್ಳೆ ಎದ್ದಿತು.

ಮೂರನೆಯದನ್ನು ಹೀಗೆ ಮಾಡಿದೆ. ಬಾಕ್ಸ್ ಮುಚ್ಚಳದ ಚಪ್ಪಟೆ ಭಾಗಕ್ಕೆ ಒಳಗೆ 3 ಮಿ.ಮೀ. ಮರೀನ್ ಪ್ಲೈವುಡ್ (ನೀರು ತಡೆಯುವ ಪ್ಲೈವುಡ್), ಅದರ ಮಾನಕ ಸಂಖ್ಯೆ ಐಎಸ್ 710 ಅಂತ ಸೀಲ್ ಇರುವುದು. ಮೇಲ್ಮುಖಕ್ಕೆ ಅರ್ಧ ಮಿ.ಮೀ. ದಪ್ಪದ ಬೀಟೆ ವೆನಿಯರ್. ಕೆಳಮುಖಕ್ಕೂ ವೆನಿಯರ್, ಅದು ಯಾವುದಾದರೂ ಅಗ್ಗದ್ದಾಗಲಿ. ಕಾಣದ ಬದಿಗೆ ಯಾಕೆ ದುಡ್ಡು ಅಂತ ಅಂಗಡಿಯವರೇ ಕೇಳಿದರು. ಎರಡೂ ಕಡೆ ಒಂದೇ ಸಮ ಎಳೆತ ಇದ್ದರೆ ಮಾತ್ರ ಹಲಗೆ ನೇರ ನಿಲ್ಲುತ್ತದೆ. ಅಂಟಿಸಲು ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ (ಎರಡು ಭಾಗ ಕಲಸಿ ಹಚ್ಚುವ ಅಂಟು) ಬಳಸಿದೆ. ಐದು ನಿಮಿಷದ ಎಪಾಕ್ಸಿ ಬೇಡ, ಬಿಸಿಲಿಗೆ ಕಾದರೆ ಮೆತ್ತಗಾಗುತ್ತದೆ. ಎರಡು ದಪ್ಪ ಹಲಗೆ ನಡುವೆ ಪಾಲಿಥೀನ್ ಹಾಸಿ, ಮೇಲೆ ರುಬ್ಬುವ ಗುಂಡು, ಅಕ್ಕಿ ಚೀಲ, ಸಿಕ್ಕಿದ್ದೆಲ್ಲ ಹೇರಿ ರಾತ್ರಿಯಿಡೀ ಬಿಟ್ಟೆ.

ಟ್ಯಾಂಕ್ ಪಟ್ಟಿಗೆ ಅಚ್ಚು ಬೇಕು. ಟ್ಯಾಂಕ್ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹೊದಿಸಿ, ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದು ಆಕಾರ ತೆಗೆದುಕೊಂಡೆ. ಅದು ತಗ್ಗಿನ ಅಚ್ಚು, ಅದರೊಳಗೆ ಮತ್ತೊಮ್ಮೆ ಸುರಿದರೆ ಟ್ಯಾಂಕಿನ ತದ್ರೂಪ ಸಿಗುತ್ತದೆ (ನಡುವೆ ಪ್ಲಾಸ್ಟಿಕ್ ಹಾಳೆ ಇರಲಿ, ಇಲ್ಲದಿದ್ದರೆ ಎರಡೂ ಒಂದಾಗಿಬಿಡುತ್ತವೆ). ಅದರ ಮೇಲೆ ಮೂರು ಪದರ ವೆನಿಯರ್, ನಡುವಿನದ್ದು ಅಡ್ಡ ಎಳೆ. ಎಪಾಕ್ಸಿ ಹಚ್ಚಿ, ಹಳೆ ಬೈಕ್ ಟ್ಯೂಬನ್ನು ಉದ್ದುದ್ದ ಕತ್ತರಿಸಿ ಬ್ಯಾಂಡೇಜಿನಂತೆ ಬಿಗಿಯಾಗಿ ಸುತ್ತಿ. ಅದರಷ್ಟು ಸಮನಾಗಿ ಒತ್ತುವ ಕ್ಲ್ಯಾಂಪ್ ನಾನು ಕಂಡಿಲ್ಲ, ಪಂಕ್ಚರ್ ಅಂಗಡಿಯಲ್ಲಿ ಪುಕ್ಕಟೆ ಕೊಡುತ್ತಾರೆ. ಪಟ್ಟಿಯ ಅಗಲ 60 ಮಿ.ಮೀ. ದಾಟಿಸಬೇಡಿ. ಟ್ಯಾಂಕ್ ಉದ್ದಕ್ಕೂ ಅಡ್ಡಕ್ಕೂ ಎರಡೂ ಕಡೆ ಬಾಗಿರುತ್ತದೆ. ಅಗಲ ಹಾಳೆ ಕೂರಿಸುವುದೆಂದರೆ ತೆಂಗಿನಕಾಯಿಗೆ ಕಾಗದ ಸುತ್ತಿದ ಹಾಗೆ, ಎಲ್ಲಾದರೂ ಸುಕ್ಕು ಬಂದೇ ಬರುತ್ತದೆ.

ಉಜ್ಜುವಾಗ ಜೋಪಾನ. ವೆನಿಯರ್ ಇರುವುದೇ ಅರ್ಧ ಮಿ.ಮೀ. ಮೆಷಿನ್ ಬೇಡ, 240 ಮತ್ತು 320ರ ಸ್ಯಾಂಡ್ ಪೇಪರ್‌ನಲ್ಲಿ ಎಳೆಯ ಗುಂಟ ಕೈಯಲ್ಲೇ ಉಜ್ಜಿ. ಬೀಟೆಯ ಪುಡಿ ಕೆಲವರಿಗೆ ಮೈ ತುರಿಸುತ್ತದೆ, ಎದೆಗೂ ಒಳ್ಳೆಯದಲ್ಲ, ಮಾಸ್ಕ್ ಹಾಕಿಕೊಳ್ಳಿ. ಬೀಟೆ, ಸಾಗುವಾನಿ ಎರಡರಲ್ಲೂ ಸಹಜ ಎಣ್ಣೆ ಇರುತ್ತದೆ. ಅಂಟು ಹಚ್ಚುವ ಸ್ವಲ್ಪ ಮುಂಚೆ ಅಸಿಟೋನ್‌ನಲ್ಲಿ ಒಮ್ಮೆ ಒರೆಸಿದರೆ ಹಿಡಿತ ಚೆನ್ನ.

ಫಿನಿಶಿಂಗ್‌ಗೆ ಎಲ್ಲರೂ ಮೊದಲು ಹೇಳುವುದು ಸ್ಪಿರಿಟ್ ಪಾಲಿಶ್. ಮನೆಯೊಳಗಿನ ಕುರ್ಚಿಗೆ ಅದರಂಥದ್ದು ಇಲ್ಲ, ಬೈಕಿಗೆ ಮಾತ್ರ ಬೇಡವೇ ಬೇಡ. ಅದು ಅರಗು. ಸ್ಪಿರಿಟ್‌ನಲ್ಲೇ ಕರಗಿಸಿ ಹಚ್ಚುತ್ತಾರೆ. ಈಗ ಬಂಕಿನಲ್ಲಿ ಸಿಗುವ ಇ20 ಪೆಟ್ರೋಲ್‌ನಲ್ಲಿ ಶೇ. 20ರಷ್ಟು ಎಥನಾಲ್, ಅದೂ ಸ್ಪಿರಿಟ್ಟೇ. ಟ್ಯಾಂಕ್ ತುಂಬಿಸುವಾಗ ಎರಡು ಹನಿ ಚೆಲ್ಲಿದರೆ ಸಾಕು, ಕಲೆ ಕೂತಿತು ಅಂತ ಲೆಕ್ಕ. ಚನ್ನಪಟ್ಟಣದ ಗೊಂಬೆಯ ಬಣ್ಣವೂ ಅರಗಿನದ್ದೇ. ಆ ಥರ ಬಣ್ಣ ಹಾಕಿಸುವ ಆಸೆ ನನಗೂ ಇತ್ತು, ಇದೇ ಕಾರಣಕ್ಕೆ ಬಿಟ್ಟೆ.

ನಾನು ಮಾಡಿದ್ದು: ಮೊದಲು ತೆಳುವಾಗಿ ಕ್ಲಿಯರ್ ಎಪಾಕ್ಸಿ, ಮುಂದೆ, ಹಿಂದೆ, ನಾಲ್ಕೂ ಅಂಚಿಗೆ. ಅಂಚಿಗೆ ಎರಡು ಸಲ. ಮರದೊಳಗಿನ ಸಣ್ಣ ಕೊಳವೆಗಳ ಬಾಯಿಗಳೆಲ್ಲ ತೆರೆದಿರುವುದು ಅಲ್ಲೇ, ನೀರು ನುಗ್ಗುವುದೂ ಅಲ್ಲೇ. ಒಣಗಿದ ಮೇಲೆ ಸೋಪಿನ ನೀರಿನಲ್ಲಿ ತೊಳೆದು, 400ರಲ್ಲಿ ಉಜ್ಜಿ, ಮೇಲೆ ಕಾರಿಗೆ ಹೊಡೆಯುವ 2ಕೆ ಪಿಯು ಕ್ಲಿಯರ್ (ಹಾರ್ಡನರ್ ಬೆರೆಸಿ ಹೊಡೆಯುವ ಪಾಲಿಯುರೆಥೇನ್ ಲೇಪ) ಮೂರು ಕೋಟ್. ಎಪಾಕ್ಸಿಯನ್ನೇ ಬಿಸಿಲಿಗೆ ಬಿಟ್ಟರೆ ಹಳದಿ ತಿರುಗುತ್ತದೆ, ಪಿಯು ಅದಕ್ಕೆ ಕೊಡೆ. ಪಿಯು ಗಟ್ಟಿಯಾಗಲು ಬೆರೆಸುವ ಹಾರ್ಡನರ್‌ನಲ್ಲಿ ಐಸೊಸೈನೇಟ್ ಇರುತ್ತದೆ, ಸ್ಪ್ರೇ ಮಾಡಿದಾಗ ಶ್ವಾಸಕೋಶಕ್ಕೆ ಕೆಟ್ಟದ್ದು. ಬಟ್ಟೆ ಮಾಸ್ಕಿಗೆಲ್ಲ ಅದು ಬಗ್ಗುವುದಿಲ್ಲ. ನಾನು ಡೆಂಟಿಂಗ್-ಪೇಂಟಿಂಗ್ ಅಂಗಡಿಯಲ್ಲಿ ಬೇರೆ ಕಾರಿಗೆ ಕ್ಲಿಯರ್ ಹೊಡೆಯುವ ದಿನ ಇದನ್ನೂ ಇಟ್ಟು ಹೊಡೆಸಿಕೊಂಡೆ. ಇಡೀ ಕೆಲಸದಲ್ಲಿ ಹೊರಗೆ ಕೊಟ್ಟಿದ್ದು ಇದೊಂದೇ.

ಯಾವ ಮರ ಅಂದರೆ, ಬೀಟೆಯೇ ಬೇಕೆಂದೇನಿಲ್ಲ. ಅದನ್ನು ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಯಾರೋ ಕಡಿಮೆ ರೇಟಿಗೆ ಕೊಡುತ್ತೇನೆ ಅಂದರೆ ದೂರ ಇರಿ. ಹಳೆ ಪೀಠೋಪಕರಣದ ತುಂಡು ಅಥವಾ ಬಿಲ್ ಸಿಗುವ ಅಂಗಡಿಯ ವೆನಿಯರ್ ಸಾಕು. ಹೊರದೇಶದಲ್ಲಿರುವ ಗೆಳೆಯರಿಗೆ ಮಾಡಿ ಕಳಿಸುವ ಯೋಚನೆ ಬಂದರೆ, ಬೀಟೆ ಸೇರಿದ ಡಾಲ್ಬರ್ಜಿಯಾ ಕುಲವೇ 2017ರಿಂದ ಸೈಟಿಸ್ (ಅಪಾಯದಲ್ಲಿರುವ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿದೆ, ಕಾಗದಪತ್ರ ಇಲ್ಲದೆ ಕಳಿಸಬೇಡಿ. ಇನ್ನೊಂದು, ಬೀಟೆಯ ಆ ನೇರಳೆ ಛಾಯೆ ಬಿಸಿಲಿಗೆ ನಿಲ್ಲುವುದಿಲ್ಲ, ಕಂದಾಗುತ್ತದೆ. ನನಗೀಗ ಹಲಸೇ ಹೆಚ್ಚು ಇಷ್ಟ. ವೀಣೆ, ಮೃದಂಗ ಮಾಡುವ ಮರ, ಹೊಸದರಲ್ಲಿ ಅರಿಶಿನ, ಹಳತಾದಂತೆ ಜೇನಿನ ಬಣ್ಣ. ವೆನಿಯರ್ ಆಗಿ ಸಿಗುವುದು ಕಷ್ಟ, ಚಿಕ್ಕ ತುಂಡುಗಳಿಗೆ ಗಟ್ಟಿ ಮರವೇ ಗತಿ.

ಎಡ, ಬಲ ಎರಡೂ ಬದಿಗೆ ಟ್ರಿಮ್ ಹಾಕುವುದಾದರೆ ಒಂದರ ಹಿಂದೊಂದು ಸೀಳಿದ ಎರಡು ಹಾಳೆ ಕೇಳಿ ತನ್ನಿ. ಪುಸ್ತಕ ಬಿಡಿಸಿದ ಹಾಗೆ ಬಿಡಿಸಿ ಇಟ್ಟರೆ ಎಳೆಗಳು ಕನ್ನಡಿಯಂತೆ ಹೊಂದುತ್ತವೆ. ನಾನಿದನ್ನು ಮೊದಲೇ ತಿಳಿದಿರಲಿಲ್ಲ, ನನ್ನ ಬೈಕಿನ ಎರಡು ಬದಿ ಅಣ್ಣ ತಮ್ಮಂದಿರ ಥರ ಇವೆ, ಅವಳಿ ಅಲ್ಲ.

ಎಲ್ಲಿ ಹಾಕಬಾರದು ಅನ್ನುವುದನ್ನೂ ಹೇಳಬೇಕು. ಸೈಲೆನ್ಸರ್, ಎಂಜಿನ್ ಹತ್ತಿರ ಬೇಡ. ಹ್ಯಾಂಡಲ್, ಲಿವರ್, ಲೈಟು, ನಂಬರ್ ಪ್ಲೇಟ್ ಮುಟ್ಟಬೇಡಿ. ಆರ್‌ಸಿಯಲ್ಲಿರುವ ವಿವರಕ್ಕೆ ವ್ಯತ್ಯಾಸ ಬರುವಂಥ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಅಂಟಿಸಿ ತೆಗೆಯಬಹುದಾದ ಅಲಂಕಾರದ ಮಟ್ಟಕ್ಕೆ ಇಟ್ಟುಕೊಳ್ಳಿ. ಟ್ಯಾಂಕಿಗೆ ಸ್ಕ್ರೂ ಹೊಡೆಯುವ ಐಡಿಯಾ ಯಾರಾದರೂ ಕೊಟ್ಟರೆ ಅವರ ಕೈಗೆ ಡ್ರಿಲ್ ಸಿಗದಂತೆ ನೋಡಿಕೊಳ್ಳಿ. ಮೊಣಕಾಲು ತಾಗುವ ಕಡೆ ಅಂಚನ್ನು ದುಂಡಗೆ ಉಜ್ಜಿ, ಬಿದ್ದರೆ ಚೂಪು ಅಂಚು ಪ್ಯಾಂಟ್ ದಾಟಿ ಒಳಗೆ ಹೋಗುತ್ತದೆ.

ನಿಮ್ಮದು ಯಾವ ಬೈಕು ಅಂತ ಬರೆದಿಲ್ಲ. ಪೆಟ್ರೋಲ್ ಮುಚ್ಚಳದ ಅಂಚಿನಿಂದ ಸೀಟಿನವರೆಗೆ ಎಷ್ಟು ಮಿ.ಮೀ. ಇದೆ, ನಡುವೆ ಬೆಸುಗೆಯ ಗೆರೆ ಎದ್ದಿದೆಯಾ ಅಂತ ಅಳೆದು ತಿಳಿಸಿ. ಗೆರೆ ಇದ್ದರೆ ಪಟ್ಟಿಯ ಹಿಂದೆ ಅದಕ್ಕೊಂದು ಕಾಲುವೆ ತೋಡಬೇಕಾಗುತ್ತದೆ, ತೋಡಿದ ಮೇಲೆ ಆ ಕಾಲುವೆಯೊಳಗೂ ಎಪಾಕ್ಸಿ ಹಚ್ಚಬೇಕು.