ಎದ್ದು ನಿಲ್ಲಲೂ ಆಗದ ರೋಗಿಗಳ ಓಡಾಟ ಅಳೆಯಲು ಯಾವ ಟೆಸ್ಟ್ ಬೆಸ್ಟ್?

ನಿಮ್ಮ ವಾರ್ಡಿನಲ್ಲಿ ಅರ್ಧಕ್ಕರ್ಧ ಜನರ ಟಿಯುಜಿ (ಟೈಮ್ಡ್ ಅಪ್ ಆಂಡ್ ಗೋ, ಎದ್ದು ನಡೆದು ಬರಲು ಎಷ್ಟು ಸೆಕೆಂಡು ಅಂತ ಅಳೆಯುವ ಟೆಸ್ಟ್) ಕಾಲಂ ಖಾಲಿ ಅಂತೀರಿ. ನಾನೂ ಹಾಗೇ ಖಾಲಿ ಬಿಟ್ಟವನು.

ಮಡಿಕೇರಿಯಲ್ಲಿ ಇಂಟರ್ನ್‌ಶಿಪ್. ಕಕ್ಕಡದ ಮಳೆ, ಒಗೆದ ಬೆಡ್‌ಶೀಟ್ ಮೂರು ದಿನವಾದರೂ ಒಣಗದ ಕಾಲ. ನ್ಯುಮೋನಿಯಾ ಆಗಿ ಎರಡು ವಾರ ಮಲಗಿದ್ದ ಒಬ್ಬರು ಅಜ್ಜಿ, ಕಾಫಿ ತೋಟದ ಲೈನ್ ಮನೆಯವರು. ಟಿಯುಜಿಗೆ ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. ಅಜ್ಜಿಗೆ ಮಗ್ಗುಲಾಗಲಿಕ್ಕೇ ಇಬ್ಬರು ಬೇಕು. "ಆಗಲಿಲ್ಲ" ಅಂತ ಬರೆದೆ. ಒಂಬತ್ತು ದಿನ ಅದೇ ಒಂದು ಪದ.

ನಾಲ್ಕನೇ ದಿನ ಸೊಸೆ ಹೇಳಿದ್ದರು: "ಸಾರ್, ರಾತ್ರಿ ಅತ್ತೆ ಅವರಾಗೇ ಗೋಡೆ ಕಡೆ ತಿರುಗಿ ಕಂಬಳಿ ಎಳ್ಕೊಂಡ್ರು." ಒಳ್ಳೇದಾಯ್ತಮ್ಮ ಅಂದೆ. ಬರೆಯಲಿಲ್ಲ. ಫಾರಂನಲ್ಲಿ ಕೇಳಿದ್ದು ಸೆಕೆಂಡು ಮಾತ್ರ ಅಲ್ವಾ! ಏಳನೇ ದಿನ ಮಂಚದ ಅಂಚಲ್ಲಿ ಕಾಲು ಇಳಿಬಿಟ್ಟು, ಎರಡೂ ಕೈಯಲ್ಲಿ ಲೋಟ ಹಿಡಿದು ಗಂಜಿ ಕುಡಿದರು. ಕೈ ಊರದೆ ಕೂತಿದ್ದಾರೆ ಅಂದರೆ ಎಷ್ಟು ದೊಡ್ಡ ಸುದ್ದಿ! ನೋಡಿದೆ, ಅದನ್ನೂ ಬರೆಯಲಿಲ್ಲ. ರೌಂಡ್ಸಿಗೆ ಬಂದ ಡಾಕ್ಟರು ಫೈಲ್ ತಿರುವಿದರು. ಒಂಬತ್ತು "ಆಗಲಿಲ್ಲ". ಸುಧಾರಣೆ ಇಲ್ಲ, ಮನೆಗೆ ಕಳಿಸಿ ಅಂದರು. ಅವರದ್ದೇನೂ ತಪ್ಪಲ್ಲ. ಫ್ಲೋರ್ ಎಫೆಕ್ಟ್ (ಟೆಸ್ಟ್ ತೀರಾ ಕಷ್ಟವಾಗಿ ರೋಗಿ ತಳದಲ್ಲೇ ಉಳಿದು, ಸುಧಾರಿಸಿದರೂ ಕಾಣದಿರುವುದು) ಬಗ್ಗೆ ಪರೀಕ್ಷೆಯಲ್ಲಿ ಎರಡು ಪುಟ ಬರೆದು ಪಾಸಾದವನು ನಾನು. ಅಜ್ಜಿ ಮತ್ತೆ ಬಂದದ್ದು ಬೆನ್ನ ಕೆಳಗೆ ಹಾಸಿಗೆ ಹುಣ್ಣು ಮಾಡಿಕೊಂಡು.

ಹಾಗಾಗಿ "ಯಾವುದು ಬೆಸ್ಟ್" ಅನ್ನೋ ಪ್ರಶ್ನೆಯೇ ನನಗೆ ಹಿಡಿಸಲ್ಲ. ಈ ರೋಗಿ ಇವತ್ತು ಎಲ್ಲಿದ್ದಾರೆ, ಟೆಸ್ಟ್ ಅಲ್ಲಿಂದ ಶುರುವಾಗುತ್ತಾ, ಅಷ್ಟು ನೋಡಿ. ನಾನೀಗ ಡೆಮ್ಮಿ (ಡಿ ಮಾರ್ಟನ್ ಮೊಬಿಲಿಟಿ ಇಂಡೆಕ್ಸ್) ಅನ್ನೋ ಓಡಾಟದ ಟೆಸ್ಟ್ ಬಳಸುತ್ತೇನೆ. 2008ರಲ್ಲಿ ಆಸ್ಟ್ರೇಲಿಯಾದವರು ತಂದದ್ದು, 15 ಐಟಂ, ಕೊನೆಗೆ 100ಕ್ಕೆ ಸ್ಕೋರು. ಶುರುವೇ ಹಾಸಿಗೆಯಲ್ಲಿ: ಸೊಂಟ ಎತ್ತುವುದು, ಮಗ್ಗುಲಾಗುವುದು, ಎದ್ದು ಕೂರುವುದು. ಆಮೇಲೆ ಕುರ್ಚಿಯಲ್ಲಿ ಆಸರೆಯಿಲ್ಲದೆ 10 ಸೆಕೆಂಡು. ನಮ್ಮ ಅಜ್ಜಿಯ ಸ್ಕೋರು ಇಷ್ಟರಲ್ಲೇ ನಾಲ್ಕನೇ ದಿನ ಒಮ್ಮೆ, ಏಳನೇ ದಿನ ಒಮ್ಮೆ ಏರುತ್ತಿತ್ತು. ಕೊನೆಯಲ್ಲಿ ಜಿಗಿಯುವುದೂ ಇದೆ, ಗಾಬರಿಯಾಗಬೇಡಿ. ನಿಮಗೋ ಅವರಿಗೋ ಭಯ ಇದ್ದರೆ ಸುಮ್ನೆ ಸೊನ್ನೆ ಹಾಕಿ. ಐಸಿಯುನಲ್ಲಾದರೆ 0ಯಿಂದ 10ರವರೆಗಿನ ಐಸಿಯು ಮೊಬಿಲಿಟಿ ಸ್ಕೇಲ್ ಸಾಕು.

ಮನೆಯವರು ಹೇಳಿದ್ದನ್ನೂ ಬರೆಯಿರಿ, ಸ್ಕೋರಿಗೆ ಸೇರಿಸದಿದ್ದರೂ ಪರವಾಗಿಲ್ಲ. ಮತ್ತೆ ಪ್ರತಿ ಸಲ ಅದೇ ಕುರ್ಚಿ ಇರಲಿ, ಎತ್ತರ ಬದಲಾದರೆ ಲೆಕ್ಕವೇ ತಪ್ಪುತ್ತದೆ. ನಾನು ನನ್ನದರ ಕಾಲಿಗೆ ಕೆಂಪು ಟೇಪ್ ಸುತ್ತಿಟ್ಟಿದ್ದೇನೆ. ಆದರೂ ವಿಸಿಟಿಂಗ್ ಅವರ್ಸಲ್ಲಿ ಯಾರಾದರೂ ಹೊತ್ತುಕೊಂಡು ಹೋಗಿರುತ್ತಾರೆ.